ಚಕ್ರವೂ ಕೈಯೂ

ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಮಲಪ್ರಭಾ ನದಿಯ ದಂಡೆಯ ಮೇಲೆ ಖಾನಾಪುರವಿದೆ. ಈ ಊರಿನ ಮಣ್ಣು ಹೆಸರಾದುದು. ಇಲ್ಲಿಯ ಹಂಚುಗಳೂ ಮಡಕೆಕುಡಿಕೆಗಳೂ ಸುತ್ತಣ ಸೀಮೆಗೆಲ್ಲ ಬಹುಕಾಲದಿಂದ ಪರಿಚಿತವಾಗಿವೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇದೇ ಊರಿನಲ್ಲಿದೆ. ತಿಗುರಿಯ ಮುಂದೆ ಕುಳಿತ ಕುಂಬಾರನನ್ನು ಯಾರಾದರೂ ಗಮನವಿಟ್ಟು ನೋಡಿದರೆ ಒಂದು ಸಂಗತಿ ಮನಸ್ಸಿಗೆ ಬಾರದಿರದು. ಅವನ ಕಣ್ಣು ಮೇಲೇಳುತ್ತಿರುವ ಮಡಕೆಯ ಅಂಚಿನ ಮೇಲೆ ನೆಟ್ಟಿರುತ್ತದೆ. ಪಕ್ಕದಲ್ಲಿರುವ ನೀರಿನ ಕುಡಿಕೆಯನ್ನಾಗಲಿ, ಮಣ್ಣನ್ನು ಕೊಯ್ಯುವ ದಾರವನ್ನಾಗಲಿ ಅವನು ತಿರುಗಿ ನೋಡುವುದಿಲ್ಲ. ಬೇಕಾದುದೆಲ್ಲ ಕೈಯಳತೆಯಲ್ಲಿಯೇ ಇರುತ್ತದೆ. ಕೈ ತಾನಾಗಿಯೇ ಅಲ್ಲಿಗೆ ಹೋಗಿ ಬರುತ್ತದೆ. ಕಣ್ಣಿಗೆ ಒಂದು ಕೆಲಸ, ಕೈಗೆ ಇನ್ನೊಂದು ಕೆಲಸ ಎಂಬ ಈ ಹಂಚಿಕೆಯೇ ಅವನ ಕುಶಲತೆಯ ಗುಟ್ಟು.

ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿ ಇದೇ ಖಾನಾಪುರವನ್ನು ಹಾದು, ಲೋಂಡಾ, ರಾಮನಗರಗಳನ್ನು ದಾಟಿ, ಅನಮೋಡ ಘಟ್ಟದಲ್ಲಿ ಗೋವೆಗೆ ಇಳಿಯುತ್ತದೆ. ತಾಲ್ಲೂಕಿನ ಇನ್ನೊಂದು ಅಂಚಿನಲ್ಲಿ ಜಾಂಬೋಟಿ, ಕಣಕುಂಬಿಗಳ ಮೂಲಕ ಚೋರ್ಲಾ ಘಟ್ಟಕ್ಕೆ ಸಾಗುವ ದಾರಿಯಿದೆ. ಎರಡೂ ಕಾಡಿನ ನಡುವಣ ಹಾದಿಗಳು. ಮಳೆಗಾಲದಲ್ಲಿ ಮುಸಲಧಾರೆಯೂ ದಟ್ಟ ಮಂಜೂ ಅಲ್ಲಿ ಸಾಮಾನ್ಯ. ಈ ದಾರಿಗಳಲ್ಲಿ ಮೋಟಾರು ಓಡಿಸುವವನೂ ಒಂದು ಚಕ್ರದ ಮುಂದೆಯೇ ಕುಳಿತಿರುತ್ತಾನೆ. ಅವನ ಕಣ್ಣು ತಿರುವಿನ ಮೇಲಿರಬೇಕು. ಅದೇ ಕಾಲದಲ್ಲಿ ಅವನು ಗಾಜಿನ ಮೇಲಿನ ನೀರನ್ನು ಒರೆಸಬೇಕು, ದೀಪ ಹೊತ್ತಿಸಬೇಕು, ಹಾರ್ನ್ ಮಾಡಬೇಕು, ಗೇರು ಬದಲಿಸಬೇಕು. ಈ ಕೆಲಸಗಳಿಗೆ ಬೇಕಾದ ಗುಂಡಿ, ಸನ್ನೆಗಳನ್ನು ಎಲ್ಲಿ ಇರಿಸಬೇಕು? ನೋಡುವುದಕ್ಕೆ ಸಣ್ಣದಾಗಿರುವ ಈ ಪ್ರಶ್ನೆಯಲ್ಲಿ ಅನೇಕರ ಪ್ರಾಣ ಅಡಗಿದೆ.

ಇಂಥ ಪ್ರಶ್ನೆಗಳನ್ನು ವಿಚಾರಿಸುವ ಶಾಸ್ತ್ರಕ್ಕೆ ಎರ್ಗೊನಾಮಿಕ್ಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಎರ್ಗಾನ್’ ಎಂದರೆ ಕೆಲಸ, ‘ನೊಮೊಸ್’ ಎಂದರೆ ನಿಯಮ. ಮನುಷ್ಯನ ದೇಹ ಮತ್ತು ಮನಸ್ಸುಗಳ ಅಳತೆಗೆ ತಕ್ಕಂತೆ ಯಂತ್ರವನ್ನು ರೂಪಿಸುವುದು ಈ ಶಾಸ್ತ್ರದ ಗುರಿ. ಈ ಶಾಸ್ತ್ರದ ತತ್ತ್ವಗಳು ಅತ್ಯಂತ ಕಠಿಣವಾದ ಪರೀಕ್ಷೆಗೆ ಗುರಿಯಾಗುವುದು ವೇಗದ ಕ್ರೀಡಾಕಾರುಗಳ ಸ್ಟೀರಿಂಗ್ ಚಕ್ರದಲ್ಲಿ.

ಮೊದಲ ಮೋಟಾರುಗಳಿಗೆ ಸ್ಟೀರಿಂಗ್ ಚಕ್ರವೇ ಇರಲಿಲ್ಲ. ದೋಣಿಯ ಚುಕ್ಕಾಣಿಯಂಥ ಒಂದು ಹಿಡಿಯನ್ನು ಆಚೀಚೆ ತಳ್ಳಿ ಅವುಗಳನ್ನು ನಡೆಸುತ್ತಿದ್ದರು. ವೇಗ ಹೆಚ್ಚಿದಾಗ ಈ ಹಿಡಿ ಕೈಯಲ್ಲಿ ನಿಲ್ಲುತ್ತಿರಲಿಲ್ಲ. 1894ರಲ್ಲಿ ಫ್ರಾನ್ಸಿನಲ್ಲಿ ಪ್ಯಾರಿಸಿನಿಂದ ರುವಾನ್ ನಗರದವರೆಗೆ ನಡೆದ ಸ್ಪರ್ಧೆಯಲ್ಲಿ ಆಲ್ಫ್ರೆಡ್ ವಾಶೆರಾನ್ ಎಂಬಾತನು ತನ್ನ ಪನಾರ್ ವಾಹನಕ್ಕೆ ಚಕ್ರವನ್ನು ಜೋಡಿಸಿದನು. ಕೆಲವೇ ವರ್ಷಗಳಲ್ಲಿ ಚಕ್ರವು ಎಲ್ಲೆಡೆ ಬಳಕೆಗೆ ಬಂದಿತು. ಆ ಕಾಲದ ಚಕ್ರಗಳು ಬಹಳ ದೊಡ್ಡವು. ಸುತ್ತಳತೆ ಹೆಚ್ಚಿದಷ್ಟೂ ತಿರುಗಿಸಲು ಬೇಕಾದ ಬಲ ಕಡಮೆಯಾಗುವುದರಿಂದ ಹಾಗೆ ಮಾಡುವುದು ಅನಿವಾರ್ಯವಾಗಿತ್ತು. 1951ರಲ್ಲಿ ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ ಎಣ್ಣೆಯ ಒತ್ತಡದಿಂದ ಕೈಗೆ ನೆರವಾಗುವ ಪವರ್ ಸ್ಟೀರಿಂಗ್ ಬಂದ ಮೇಲೆ ಚಕ್ರ ಕಿರಿದಾಗಲು ದಾರಿಯಾಯಿತು. ಹೀಗೆ ಕೈಯ ಶ್ರಮ ಕಡಮೆಯಾಯಿತು. ಆದರೆ ಕೈಯ ಕೆಲಸಗಳು ಒಂದೊಂದಾಗಿ ಹೆಚ್ಚತೊಡಗಿದವು.

ವೇಗದ ಲೆಕ್ಕವನ್ನು ಇಲ್ಲಿ ಸ್ವಲ್ಪ ನೋಡಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಚಾಲಕನು ಒಂದು ಗುಂಡಿಯನ್ನು ಹುಡುಕಲು ಎರಡು ಸೆಕೆಂಡು ಕಣ್ಣನ್ನು ಕೆಳಗಿಳಿಸಿದರೆ ಕಾರು 33 ಮೀಟರ್ ದೂರವನ್ನು ಕುರುಡಾಗಿ ಕ್ರಮಿಸುತ್ತದೆ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಾದರೆ ಆ ದೂರ 110 ಮೀಟರಿಗೂ ಮಿಗಿಲು. ಆದ್ದರಿಂದ ಕಣ್ಣು ರಸ್ತೆಯಿಂದಲೂ ಕೈ ಚಕ್ರದಿಂದಲೂ ಕದಲದಂತೆ ಎಲ್ಲ ಕೆಲಸವೂ ನಡೆಯಬೇಕೆಂಬುದು ಕ್ರೀಡಾಕಾರಿನ ಮೊದಲ ನಿಯಮವಾಯಿತು.

ಈ ನಿಯಮವು 1989ರಲ್ಲಿ ಒಂದು ದೊಡ್ಡ ಹೆಜ್ಜೆಯನ್ನಿಟ್ಟಿತು. ಜಾನ್ ಬರ್ನಾರ್ಡ್ ಎಂಬ ಇಂಗ್ಲಿಷ್ ವಿನ್ಯಾಸಕಾರನು ಇಟಲಿಯ ಫೆರಾರಿ ಸಂಸ್ಥೆಗಾಗಿ ರೂಪಿಸಿದ 640 ಎಂಬ ಫಾರ್ಮುಲಾ ಒನ್ ಕಾರಿನಲ್ಲಿ ಪಕ್ಕದ ಗೇರು ಸನ್ನೆ ಇರಲಿಲ್ಲ. ಅದರ ಬದಲು ಚಕ್ರದ ಹಿಂಬದಿಯಲ್ಲಿ ಎರಡು ಚಪ್ಪಟೆ ಹಿಡಿಗಳಿದ್ದವು. ಚಾಲಕನು ಚಕ್ರವನ್ನು ಹಿಡಿದ ಕೈಯ ಬೆರಳಿನಿಂದಲೇ ಅವನ್ನು ಎಳೆದರೆ ಗೇರು ಬದಲಾಗುತ್ತಿತ್ತು. ಬ್ರೆಜಿಲ್ ದೇಶದಲ್ಲಿ ನಡೆದ ಆ ವರ್ಷದ ಮೊದಲ ಪಂದ್ಯದಲ್ಲಿಯೇ ನೈಜೆಲ್ ಮ್ಯಾನ್ಸೆಲ್ ಈ ಕಾರನ್ನು ಓಡಿಸಿ ಗೆದ್ದನು. 1997ರಲ್ಲಿ ಇದೇ ಏರ್ಪಾಡು ಎಫ್355 ಎಂಬ ಕಾರಿನ ಮೂಲಕ ಸಾಮಾನ್ಯ ರಸ್ತೆಗೆ ಬಂದಿತು. 2009ರ ಫೆರಾರಿ 458 ಇಟಾಲಿಯಾ ಕಾರಿನಲ್ಲಿ ತಿರುವು ತೋರಿಸುವ ದೀಪ, ವೈಪರ್, ಮುಂದೀಪಗಳ ಗುಂಡಿಗಳೆಲ್ಲ ಚಕ್ರದ ಮೇಲೆಯೇ ಕುಳಿತವು.

ಗುಂಡಿಗಳನ್ನು ಚಕ್ರದ ಮೇಲೆ ಇರಿಸಿದ ಮಾತ್ರಕ್ಕೆ ಸಮಸ್ಯೆ ತೀರುವುದಿಲ್ಲ. ಚಕ್ರದ ಅಂಚನ್ನು ಬಿಡದೆಯೇ ಹೆಬ್ಬೆರಳು ಮುಟ್ಟಬಲ್ಲ ಪ್ರದೇಶ ಬಹಳ ಚಿಕ್ಕದು. ಪದೇಪದೇ ಬೇಕಾಗುವ ಗುಂಡಿಗಳಿಗೆ ಈ ಪ್ರದೇಶವನ್ನು ಮೀಸಲಿಡಬೇಕು. ಅಲ್ಲದೆ ಒಂದು ಗುಂಡಿಯನ್ನು ಇನ್ನೊಂದರಿಂದ ಬೆರಳು ತಾನೇ ಗುರುತಿಸುವಂತಿರಬೇಕು. ಇದರ ಮಹತ್ತ್ವವನ್ನು ಎರಡನೆಯ ಮಹಾಯುದ್ಧದ ಕಾಲದ ಒಂದು ಪ್ರಸಂಗ ಎತ್ತಿ ತೋರಿಸುತ್ತದೆ. ಅಮೆರಿಕದ ಬಿ-17 ಬಾಂಬರು ವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ ಮತ್ತೆ ಮತ್ತೆ ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ವೈಮಾನಿಕರ ಅಜಾಗರೂಕತೆಯೇ ಇದಕ್ಕೆ ಕಾರಣವೆಂದು ಬಗೆಯಲಾಗಿತ್ತು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞನು ಪರಿಶೀಲಿಸಿದಾಗ, ರೆಕ್ಕೆಯ ಮಡಿಕೆಗಳನ್ನು ಎತ್ತುವ ಸನ್ನೆಯೂ ಗಾಲಿಗಳನ್ನು ಒಳಗೆಳೆಯುವ ಸನ್ನೆಯೂ ಒಂದೇ ರೂಪದಲ್ಲಿ ಅಕ್ಕಪಕ್ಕದಲ್ಲಿದ್ದುದು ಕಂಡುಬಂದಿತು. ದಣಿದ ಕೈ ಒಂದರ ಬದಲು ಇನ್ನೊಂದನ್ನು ಎಳೆಯುತ್ತಿತ್ತು. ಗಾಲಿಯ ಸನ್ನೆಗೆ ಗಾಲಿಯಾಕಾರದ ರಬ್ಬರಿನ ತುದಿಯನ್ನೂ, ರೆಕ್ಕೆಯ ಸನ್ನೆಗೆ ಬೆಣೆಯಾಕಾರದ ತುದಿಯನ್ನೂ ಜೋಡಿಸಿದ್ದೇ ಪರಿಹಾರವಾಯಿತು. ತಪ್ಪು ಮನುಷ್ಯನದೆಂದು ತೋರಿದಲ್ಲಿ ನಿಜವಾದ ತಪ್ಪು ಯಂತ್ರದ ರಚನೆಯಲ್ಲಿತ್ತು.

ಸ್ಟೀರಿಂಗ್ ಚಕ್ರಕ್ಕೆ ವಿಮಾನದಲ್ಲಿಲ್ಲದ ಇನ್ನೊಂದು ತೊಡಕೂ ಉಂಟು. ಅದು ತಿರುಗುವ ವಸ್ತು. ಅದರ ಮೇಲಿನ ಗುಂಡಿಗಳೂ ಅದರೊಡನೆ ತಿರುಗುತ್ತವೆ. ಪಂದ್ಯದ ಕಾರಿನಲ್ಲಿ ಚಕ್ರವನ್ನು ಸ್ವಲ್ಪವೇ ತಿರುಗಿಸಿದರೂ ಗಾಲಿಗಳು ಸಾಕಷ್ಟು ಹೊರಳುವುದರಿಂದ ಚಾಲಕನ ಕೈ ತನ್ನ ಸ್ಥಾನವನ್ನು ಬಿಡುವ ಪ್ರಮೇಯವೇ ಬಾರದು. ಘಟ್ಟದ ಹಾದಿಯ ಸಂಗತಿ ಬೇರೆ. ಅಲ್ಲಿಯ ಕಡಿದಾದ ತಿರುವಿನಲ್ಲಿ ಚಾಲಕನು ಕೈಯ ಮೇಲೆ ಕೈಯಿಟ್ಟು ಚಕ್ರವನ್ನು ಅರ್ಧ ಸುತ್ತು ತಿರುಗಿಸಿದನೆಂದರೆ ಎಡಗಡೆಯ ಗುಂಡಿ ಬಲಕ್ಕೂ ಬಲಗಡೆಯದು ಎಡಕ್ಕೂ ಬರುತ್ತದೆ. ಆ ಕ್ಷಣದಲ್ಲಿ ಎದುರಿನಿಂದ ಲಾರಿಯೊಂದು ಬಂದರೆ, ಕೈಗೆ ಬೇಕಾದ ಗುಂಡಿ ಇದ್ದಲ್ಲಿ ಇರುವುದಿಲ್ಲ. ಈ ಕಾರಣದಿಂದಲೇ ಫೆರಾರಿಯವರು ಗೇರಿನ ಹಿಡಿಗಳನ್ನು ಚಕ್ರಕ್ಕೆ ಕಟ್ಟದೆ, ಅದರ ಹಿಂದಿನ ಅಚಲವಾದ ಕಂಬಕ್ಕೆ ಜೋಡಿಸಿದರು. ಚಕ್ರ ಎತ್ತ ತಿರುಗಿದರೂ ಹಿಡಿ ಅಲ್ಲಿಯೇ ಇರುತ್ತದೆ. ಜರ್ಮನಿಯ ಪೋರ್ಷೆ ಕಾರುಗಳಲ್ಲಿ ಹಿಡಿಗಳು ಚಕ್ರದೊಡನೆಯೇ ತಿರುಗುತ್ತವೆ. ಅಲ್ಲಿ ಹಿಡಿ ಎಂದೂ ಬೆರಳನ್ನು ಬಿಟ್ಟಗಲದು. ಎರಡು ಪದ್ಧತಿಗಳಿಗೂ ತಮ್ಮವೇ ಆದ ಗುಣದೋಷಗಳಿವೆ. ಹಾರ್ನನ್ನು ಚಕ್ರದ ನಟ್ಟನಡುವೆ ಇರಿಸುವ ಹಳೆಯ ರೂಢಿ ಮಾತ್ರ ಈ ತೊಡಕಿಗೆ ಸಿಲುಕದು. ಚಕ್ರ ಎಷ್ಟು ಸುತ್ತಿದರೂ ನಡುವು ನಡುವೇ.

ಗುಂಡಿಗಳು ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. 2021ರ ಜೂನ್ ತಿಂಗಳಲ್ಲಿ ಅಜರ್‌ಬೈಜಾನಿನ ಬಾಕು ನಗರದ ಪಂದ್ಯ ಕೊನೆಯ ಎರಡು ಸುತ್ತುಗಳಿಗಾಗಿ ಮರಳಿ ಆರಂಭವಾದಾಗ, ಏಳು ಬಾರಿ ವಿಶ್ವವಿಜೇತನಾಗಿದ್ದ ಲೂಯಿಸ್ ಹ್ಯಾಮಿಲ್ಟನ್ ಮುಂಚೂಣಿಯಲ್ಲಿದ್ದನು. ಬ್ರೇಕಿನ ಬಲವನ್ನೆಲ್ಲ ಮುಂದಿನ ಗಾಲಿಗಳತ್ತ ಸರಿಸುವ ಒಂದು ಗುಂಡಿ ಅವನ ಚಕ್ರದಲ್ಲಿತ್ತು. ಗಾಲಿಗಳನ್ನು ಬಿಸಿಮಾಡುವುದಕ್ಕೆ ಮಾತ್ರ ಬಳಸತಕ್ಕ ಆ ಗುಂಡಿಗೆ ಗೇರು ಬದಲಿಸುವಾಗ ಅವನ ಕೈ ಅರಿವಿಲ್ಲದೆ ತಗುಲಿತು. ಮೊದಲ ತಿರುವಿನಲ್ಲಿ ಬ್ರೇಕು ಒತ್ತಿದೊಡನೆ ಮುಂದಿನ ಗಾಲಿಗಳು ಬಿಗಿದು, ಕಾರು ತಿರುಗದೆ ನೇರವಾಗಿ ಮುಂದೆ ಸಾಗಿತು. ಗೆಲ್ಲಬಹುದಾಗಿದ್ದವನು 15ನೆಯ ಸ್ಥಾನಕ್ಕೆ ಇಳಿದನು. ಜಗತ್ತಿನ ಅತ್ಯುತ್ತಮ ಚಾಲಕರಲ್ಲೊಬ್ಬನ ಕೈಯೇ ಹೀಗೆ ಎಡವಿದ ಮೇಲೆ ಸಾಮಾನ್ಯರ ಮಾತೇನು? ಬೇಕೆಂದಾಗ ಸುಲಭವಾಗಿ ಸಿಗುವುದು ಎಷ್ಟು ಮುಖ್ಯವೋ, ಬೇಡವೆಂದಾಗ ಸಿಗದಿರುವುದೂ ಗುಂಡಿಗೆ ಅಷ್ಟೇ ಮುಖ್ಯವಾದ ಗುಣ.

ಇಷ್ಟೆಲ್ಲ ಅನುಭವದ ಮೇಲೂ ಕಾರು ತಯಾರಕರು ಕೆಲಕಾಲ ದಾರಿತಪ್ಪಿದರು. 2019ರ ಅನಂತರದ ಕೆಲವು ಫೆರಾರಿ ಕಾರುಗಳ ಚಕ್ರದಲ್ಲಿ ಒತ್ತುವ ಗುಂಡಿಗಳ ಬದಲು, ಬೆರಳು ಸೋಕಿದರೆ ಕೆಲಸಮಾಡುವ ನುಣುಪಾದ ಫಲಕಗಳು ಕಾಣಿಸಿಕೊಂಡವು. ನೋಡುವುದಕ್ಕೆ ಅವು ಅಂದವಾಗಿದ್ದವು. ಆದರೆ ಉಬ್ಬುತಗ್ಗುಗಳಿಲ್ಲದ ಮೇಲ್ಮೈಯಲ್ಲಿ ಬೆರಳಿಗೆ ಗುರುತು ಸಿಗಲಾರದು. ಕಣ್ಣು ರಸ್ತೆಯನ್ನು ಬಿಟ್ಟು ಕೆಳಗಿಳಿಯಲೇಬೇಕು. ಸ್ವೀಡನ್ನಿನ ವಾಹನ ಪತ್ರಿಕೆಯೊಂದು 2022ರಲ್ಲಿ ಗುಂಡಿಗಳುಳ್ಳ ಒಂದು ಹಳೆಯ ಕಾರನ್ನೂ ಸ್ಪರ್ಶಫಲಕಗಳುಳ್ಳ ಹೊಸ ಕಾರುಗಳನ್ನೂ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಪರೀಕ್ಷಿಸಿತು. ನಾಲ್ಕು ಸಣ್ಣ ಕೆಲಸಗಳನ್ನು ಮಾಡಿ ಮುಗಿಸಲು 2005ರ ವೋಲ್ವೊ ಕಾರಿನಲ್ಲಿ 10 ಸೆಕೆಂಡು ಸಾಕಾಯಿತು. ಹೊಸ ಕಾರುಗಳಲ್ಲಿ ಎಲ್ಲಕ್ಕಿಂತ ಹಿಂದೆ ಬಿದ್ದುದಕ್ಕೆ 44 ಸೆಕೆಂಡಿಗಿಂತ ಹೆಚ್ಚು ಬೇಕಾಯಿತು. 2025ರಲ್ಲಿ ಫೆರಾರಿಯವರು ಪ್ರಕಟಿಸಿದ ಅಮಾಲ್ಫಿ ಕಾರಿನ ಚಕ್ರಕ್ಕೆ ಒತ್ತಿದರೆ ಬೆರಳಿಗೆ ತಿಳಿಯುವ ಗುಂಡಿಗಳು ಮರಳಿ ಬಂದವು. ಯುರೋಪಿನ ವಾಹನ ಸುರಕ್ಷತೆಯನ್ನು ಪರೀಕ್ಷಿಸುವ ಯೂರೋ ಎನ್‌ಕ್ಯಾಪ್ ಸಂಸ್ಥೆಯೂ 2026ರ ನಿಯಮಗಳಲ್ಲಿ ತಿರುವಿನ ದೀಪ, ಹಾರ್ನ್, ವೈಪರ್ ಮೊದಲಾದವುಗಳಿಗೆ ಕೈಗೆ ಸಿಗುವ ಗುಂಡಿ ಅಥವಾ ಸನ್ನೆಗಳಿರುವುದಕ್ಕೆ ಅಂಕಗಳನ್ನು ಗೊತ್ತುಪಡಿಸಿದೆ.

ಚಕ್ರದ ಮೇಲಿನ ಗುಂಡಿಗಳು ಈಗ ಕ್ರೀಡಾಕಾರುಗಳಿಗಷ್ಟೇ ಸೀಮಿತವಲ್ಲ. ಬೆಳಗಾವಿಯ ಬೀದಿಗಳಲ್ಲಿ ಓಡಾಡುವ ಸಾಧಾರಣ ಕಾರುಗಳಲ್ಲಿಯೂ ಅವು ಕಾಣಸಿಗುತ್ತವೆ. ಹೊಸ ವಾಹನವನ್ನು ಕೊಳ್ಳುವವರು ಅದರ ಬಣ್ಣವನ್ನೂ ವೇಗವನ್ನೂ ವಿಚಾರಿಸುವಂತೆ, ನಿಂತ ಕಾರಿನಲ್ಲಿ ಕುಳಿತು, ಕಣ್ಣು ಮುಚ್ಚಿ, ಚಕ್ರವನ್ನು ಬಿಡದೆ ಹಾರ್ನ್, ದೀಪ, ವೈಪರುಗಳನ್ನು ತಡಕಿ ನೋಡುವುದು ಒಳ್ಳೆಯದು. ಕೈ ತಡವರಿಸದೆ ಅವುಗಳನ್ನು ಮುಟ್ಟಿದರೆ ಆ ಕಾರಿನ ರಚನೆ ಸರಿಯಾಗಿದೆ ಎನ್ನಬಹುದು. ಖಾನಾಪುರದ ಕುಂಬಾರನು ಈ ಪರೀಕ್ಷೆಯನ್ನು ದಿನವೂ ಮಾಡುತ್ತಾನೆ. ಅವನ ನೀರಿನ ಕುಡಿಕೆ ನಿನ್ನೆ ಇದ್ದಲ್ಲಿಯೇ ಇಂದೂ ಇರುತ್ತದೆ. ಅದು ಒಂದು ಗೇಣು ಆಚೆ ಸರಿದರೆ ಅವನ ಕೈಯಲ್ಲಿ ಕೆಡುವುದು ಒಂದು ಮಡಕೆ. ಘಟ್ಟದ ತಿರುವಿನಲ್ಲಿ ಚಾಲಕನ ಕೈ ತಪ್ಪಿದರೆ ಆಗುವ ನಷ್ಟವನ್ನು ತುಂಬಿಕೊಡಲು ಯಾವ ಮಣ್ಣೂ ಸಾಲದು.