ಇನ್ನೂರೈವತ್ತು ಕೈಗಳ ದಿನ

ಪೋಕರ್ ಮೇಜಿನಲ್ಲಿ ಡೀಲರ್ ಎಲೆ ಕಲೆಸಿ, ಹಂಚಿ, ಎಲ್ಲರಿಂದ ಪಣ ಕಟ್ಟಿಸಿಕೊಂಡು, ಗೆದ್ದವರ ಮುಂದಕ್ಕೆ ಚಿಪ್‌ಗಳನ್ನು ತಳ್ಳುವಷ್ಟರಲ್ಲಿ ಎರಡು ನಿಮಿಷವಾದರೂ ಆಗುತ್ತದೆ. ಅಂದರೆ ಗಂಟೆಗೆ 25ರಿಂದ 30 ಕೈ. ಹತ್ತು ಗಂಟೆ ಕುಳಿತರೆ 250ರ ಆಸುಪಾಸು. ಮೊದಲ ಬಾರಿ ದೊಡ್ಡ ಟೂರ್ನಿಗೆ ಬಂದ ಹವ್ಯಾಸಿಯ ಇಡೀ ದಿನ ಈ ಸಂಖ್ಯೆಯೊಳಗೇ ನಡೆದುಹೋಗುತ್ತದೆ. ರಾತ್ರಿ ಮೇಜು ಬಿಟ್ಟೇಳುವಾಗ ತಾನು ಚೆನ್ನಾಗಿ ಆಡಿದೆನೇ ಎಂದು ತೀರ್ಮಾನಿಸಲು ಸಿಗುವ ಸಾಕ್ಷ್ಯವೂ ಇಷ್ಟೇ. ಅಷ್ಟು ಸಾಕ್ಷ್ಯ ಸಾಲುತ್ತದೆಯೇ ಎಂಬುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಖಚಿತ ಉತ್ತರವಿದೆ.

ಮೊದಲು ಎಕ್ಕದ ಜೋಡಿಯನ್ನೇ ನೋಡೋಣ. 52 ಎಲೆಗಳ ಕಟ್ಟಿನಿಂದ ಎರಡು ಎಲೆ ಬರಬಹುದಾದ ವಿಧಗಳು 1,326. ಅದರಲ್ಲಿ ಎರಡೂ ಎಕ್ಕ ಆಗುವುದು ಆರು ವಿಧಗಳಲ್ಲಿ ಮಾತ್ರ. ಹಾಗಾಗಿ ಆಟದ ಅತ್ಯುತ್ತಮ ಆರಂಭ ಸರಾಸರಿ 221 ಕೈಗೆ ಒಮ್ಮೆ ಸಿಗುತ್ತದೆ. 250 ಕೈ ಆಡಿದವರಿಗೆ ಒಂದು ಸಲವಾದರೂ ಸಿಕ್ಕೀತು ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಗಣಿತದ ಲೆಕ್ಕ ಬೇರೆ: ದಿನವಿಡೀ ಒಮ್ಮೆಯೂ ಎಕ್ಕದ ಜೋಡಿ ನೋಡದೆ ಏಳುವ ಸಾಧ್ಯತೆ ಸುಮಾರು ಶೇ 32. ಮೂರು ಅಥವಾ ಹೆಚ್ಚು ಸಲ ನೋಡುವ ಸಾಧ್ಯತೆ ಸುಮಾರು ಶೇ 10. ಒಂದೇ ಹಾಲ್‌ನಲ್ಲಿ, ಒಂದೇ ಪ್ರವೇಶ ಶುಲ್ಕ ಕೊಟ್ಟು, ಒಂದೇ ಹೊತ್ತಿಗೆ ಕುಳಿತ ಮೂವರಲ್ಲಿ ಒಬ್ಬರಿಗೆ ಅದು ಬರುವುದೇ ಇಲ್ಲ, ಹತ್ತರಲ್ಲಿ ಒಬ್ಬರಿಗೆ ಮತ್ತೆ ಮತ್ತೆ ಬರುತ್ತದೆ. ಇಬ್ಬರೂ ಮನೆಗೆ ಹೋಗಿ ಹೇಳುವ ಕತೆ ಬೇರೆ ಬೇರೆ.

ಈಗ ಹೆಚ್ಚಾಗಿ ಆಡುವ ಬಗೆ ಟೆಕ್ಸಾಸ್ ಹೋಲ್ಡೆಮ್. ಪ್ರತಿಯೊಬ್ಬರಿಗೂ ಎರಡು ಗುಟ್ಟಿನ ಎಲೆ, ನಡುಮೇಜಿನಲ್ಲಿ ಎಲ್ಲರಿಗೂ ಸೇರಿದ ಐದು ಎಲೆ. ಈ ಏಳರಲ್ಲಿ ಉತ್ತಮವಾದ ಐದನ್ನು ಹೊಂದಿಸಬೇಕು. ಸಾರ್ವಜನಿಕ ಎಲೆಗಳು ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು ಹೀಗೆ ತೆರೆದುಕೊಳ್ಳುತ್ತವೆ. ಪ್ರತಿ ಹಂತದಲ್ಲೂ ಪಣ ಏರಿಸಬಹುದು, ಸರಿಗಟ್ಟಬಹುದು, ಇಲ್ಲವೇ ಎಲೆ ಕೆಳಗಿಟ್ಟು ಸುಮ್ಮನಾಗಬಹುದು. ಎಲೆ ತೋರಿಸದೆಯೇ, ಎದುರಾಳಿ ಹಿಂದೆ ಸರಿದರೆ ಸಾಕು, ಗೆಲ್ಲಬಹುದು. ನಮ್ಮೂರಿನ ಅಂದರ್ ಬಾಹರ್‌ಗೂ ಇದಕ್ಕೂ ಇರುವ ಅಂತರ ಇಲ್ಲಿಯೇ. ಅಂದರ್ ಬಾಹರ್‌ನಲ್ಲಿ ಪಣ ಕಟ್ಟಿದ ಮೇಲೆ ಆಟಗಾರನಿಗೆ ಮಾಡಲು ಏನೂ ಉಳಿಯುವುದಿಲ್ಲ.

2003ರ ಮೇ ತಿಂಗಳಲ್ಲಿ ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊಗೆ ಟೆನೆಸಿ ರಾಜ್ಯದ ಒಬ್ಬ ಲೆಕ್ಕಿಗರು ಬಂದಿಳಿದರು. ಹೆಸರು ಕ್ರಿಸ್ ಮನಿಮೇಕರ್, ವಯಸ್ಸು 27. ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಿಯ ಪ್ರವೇಶ ಶುಲ್ಕ 10,000 ಡಾಲರ್. ಅಂತರ್ಜಾಲದಲ್ಲಿ ನೂರು ಡಾಲರ್‌ಗಿಂತ ಕಡಿಮೆ ಕೊಟ್ಟು ಆಡಿದ ಅರ್ಹತಾ ಪಂದ್ಯದಲ್ಲಿ ಅವರು ಆ ಸ್ಥಾನ ಗಳಿಸಿದ್ದರು. ಮುಖಾಮುಖಿ ಕುಳಿತು ಆಡುವ ಟೂರ್ನಿ ಅವರಿಗೆ ಹೊಸದು. ಒಟ್ಟು 839 ಆಟಗಾರರು. ಕೊನೆಗೆ ಉಳಿದವರು ಅವರೇ. ಬಹುಮಾನ 25 ಲಕ್ಷ ಡಾಲರ್. ಈ ಕತೆಯನ್ನು ಸಾಮಾನ್ಯವಾಗಿ ಪವಾಡವೆಂದೋ ಪ್ರತಿಭೆಯೆಂದೋ ಹೇಳುತ್ತಾರೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು, ಅಂಥ ಗೆಲುವಿಗೆ ಎಡೆ ಕೊಡುವಂತೆ ಟೂರ್ನಿಯ ನಿಯಮಗಳೇ ರಚಿತವಾಗಿವೆ ಎಂಬುದು.

ಆ ರಚನೆಯ ಕೀಲಿ ಇರುವುದು ಗಡಿಯಾರದಲ್ಲಿ. ಪ್ರತಿ ಕೈಯಲ್ಲೂ ಇಬ್ಬರು ಆಟಗಾರರು ಎಲೆ ನೋಡುವ ಮೊದಲೇ ಕಡ್ಡಾಯ ಪಣ ಹಾಕಬೇಕು. ಇದಕ್ಕೆ ಬ್ಲೈಂಡ್ ಎನ್ನುತ್ತಾರೆ, ಒಂದು ಸಣ್ಣದು, ಒಂದು ದೊಡ್ಡದು. ಟೂರ್ನಿಯಲ್ಲಿ ನಿಗದಿತ ಅವಧಿಗೊಮ್ಮೆ ಈ ಮೊತ್ತ ಏರುತ್ತದೆ. ಬೆಳಿಗ್ಗೆ 20,000 ಚಿಪ್‌ಗಳೊಂದಿಗೆ ಆರಂಭ, ದೊಡ್ಡ ಬ್ಲೈಂಡ್ 100 ಎಂದುಕೊಳ್ಳಿ. ಕೈಯಲ್ಲಿ 200 ಬ್ಲೈಂಡ್‌ಗಳಷ್ಟು ಬಂಡವಾಳವಿದೆ. ಸಂಜೆಯ ಹೊತ್ತಿಗೆ ದೊಡ್ಡ ಬ್ಲೈಂಡ್ 2,000 ಆಗಿರುತ್ತದೆ. ಅಷ್ಟರಲ್ಲಿ ನೀವು ಕಷ್ಟಪಟ್ಟು ಚಿಪ್‌ಗಳನ್ನು ದ್ವಿಗುಣ ಮಾಡಿಕೊಂಡು 40,000ಕ್ಕೆ ತಂದಿದ್ದರೂ ಅದು 20 ಬ್ಲೈಂಡ್ ಮಾತ್ರ. ರಾಶಿ ಎರಡರಷ್ಟಾಯಿತು, ಅದರ ಬಲ ಹತ್ತನೇ ಒಂದಕ್ಕೆ ಇಳಿಯಿತು.

ಇದರಿಂದ ಆಟದ ಸ್ವಭಾವವೇ ಬದಲಾಗುತ್ತದೆ. ಬೆಳಗಿನ 200 ಬ್ಲೈಂಡ್‌ಗಳ ಆಟದಲ್ಲಿ ಒಂದು ಕೈಗೆ ನಾಲ್ಕು ಸುತ್ತಿನ ಪಣ ಕಟ್ಟಲು ಜಾಗವಿದೆ. ಪ್ರತಿ ಸುತ್ತಿನಲ್ಲೂ ಎದುರಾಳಿಯ ಬಗ್ಗೆ ಹೊಸ ಮಾಹಿತಿ, ಹೊಸ ನಿರ್ಧಾರ. ಅನುಭವಿ ಆಟಗಾರ ಹವ್ಯಾಸಿಯನ್ನು ಮೀರಿಸುವುದು ಇಂಥ ನಿರ್ಧಾರಗಳ ಸರಣಿಯಲ್ಲಿ. ಸಂಜೆ ಬ್ಲೈಂಡ್ ಏರಿದ ಮೇಲೆ ಆ ಸರಣಿ ಮೊಟಕಾಗುತ್ತದೆ. ಹತ್ತು ಹನ್ನೆರಡು ಬ್ಲೈಂಡ್ ಉಳಿದವರ ಮುಂದೆ ಹೆಚ್ಚುಕಡಿಮೆ ಎರಡೇ ದಾರಿ: ಇದ್ದುದನ್ನೆಲ್ಲ ಒಡ್ಡುವುದು, ಇಲ್ಲವೇ ಎಲೆ ಕೆಳಗಿಡುವುದು. ಎಲ್ಲ ಒಡ್ಡಿದ ಮೇಲೆ ಉಳಿದ ಎಲೆಗಳು ತಾವಾಗಿ ತೆರೆದುಕೊಳ್ಳುತ್ತವೆ. ಅಲ್ಲಿ ಜಾಣತನಕ್ಕೆ ಕೆಲಸವಿಲ್ಲ. ಗಡಿಯಾರ ಮುಂದಕ್ಕೆ ಹೋದಂತೆ ಕೌಶಲದ ಪಾಲು ತಗ್ಗಿ ಅದೃಷ್ಟದ ಪಾಲು ಹಿಗ್ಗುತ್ತದೆ. ಟೂರ್ನಿ ಎಂದಾದರೂ ಮುಗಿಯಬೇಕಾದರೆ ಹೀಗೆ ಮಾಡದೆ ಬೇರೆ ಉಪಾಯವಿಲ್ಲ.

ಎಲ್ಲವನ್ನೂ ಒಡ್ಡುವಾಗ ಮೇಲುಗೈ ಇದ್ದರೆ ಸಾಲದೇ ಎಂದು ಕೇಳಬಹುದು. ಎಕ್ಕದ ಜೋಡಿ ಎದುರು ರಾಜನ ಜೋಡಿ ಬಂದರೆ ಎಕ್ಕ ಗೆಲ್ಲುವುದು ಶೇ 82ರಷ್ಟು ಸಲ. ಹೀಗೆ ಪ್ರತಿ ಬಾರಿಯೂ ಶೇ 80ರ ಮೇಲುಗೈಯೊಂದಿಗೆ ಐದು ಸಲ ಎಲ್ಲ ಒಡ್ಡಿದ ಆಟಗಾರರನ್ನು ಊಹಿಸಿಕೊಳ್ಳಿ. ಐದೂ ಸಲ ಉಳಿಯುವ ಸಾಧ್ಯತೆ ಶೇ 33 ಮಾತ್ರ. ಮೂವರಲ್ಲಿ ಇಬ್ಬರು ಒಂದೂ ತಪ್ಪು ಮಾಡದೆ ಹೊರಬೀಳುತ್ತಾರೆ.

ಬಹುಮಾನದ ಗಡಿ ಹತ್ತಿರವಾದಾಗ ಇನ್ನೊಂದು ಲೆಕ್ಕ ಎದುರಾಗುತ್ತದೆ. ಇದಕ್ಕೆ ಬಬಲ್ ಎಂಬ ಹೆಸರು: ಇನ್ನೊಬ್ಬರು ಹೊರಬಿದ್ದರೆ ಉಳಿದವರಿಗೆಲ್ಲ ಹಣ. ಚಿಪ್ ಬೇರೆ, ದುಡ್ಡು ಬೇರೆ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ನಾಲ್ವರು ಸಮ ಚಿಪ್‌ಗಳೊಂದಿಗೆ ಉಳಿದಿದ್ದಾರೆ, ಬಹುಮಾನ ಮೂವರಿಗೆ ಎಂದುಕೊಳ್ಳಿ: 100 ರೂಪಾಯಿಯಲ್ಲಿ 50, 30, 20. ನಾಲ್ವರ ಬಳಿಯೂ ಸಮ ಚಿಪ್ ಇರುವುದರಿಂದ ಪ್ರತಿಯೊಬ್ಬರ ಸ್ಥಾನದ ಬೆಲೆ 25 ರೂಪಾಯಿ. ಒಬ್ಬರು ಎಲ್ಲ ಒಡ್ಡಿದ್ದಾರೆ, ನೀವು ಸರಿಗಟ್ಟಬೇಕೇ? ಸೋತರೆ ಸೊನ್ನೆ. ಗೆದ್ದರೆ ಮೇಜಿನ ಅರ್ಧ ಚಿಪ್ ನಿಮ್ಮದು. ಚಿಪ್‌ಗಳ ಅನುಪಾತದಲ್ಲೇ ಸ್ಥಾನಗಳನ್ನು ಲೆಕ್ಕ ಹಾಕಿದರೆ ಮೊದಲ ಸ್ಥಾನಕ್ಕೆ ಎರಡರಲ್ಲೊಂದು, ಎರಡನೆಯದಕ್ಕೆ ಮೂರರಲ್ಲೊಂದು, ಮೂರನೆಯದಕ್ಕೆ ಆರರಲ್ಲೊಂದು ಅವಕಾಶ. ಬೆಲೆ ಕೂಡಿಸಿದರೆ 38 ರೂಪಾಯಿ 33 ಪೈಸೆ. ಚಿಪ್ ದ್ವಿಗುಣವಾದರೂ ಬೆಲೆ ಒಂದೂವರೆ ಪಟ್ಟು ಮಾತ್ರ ಏರಿತು. ಮಿಕ್ಕಿದ್ದು ಎಲ್ಲಿ ಹೋಯಿತು? ಎಲೆ ಕೆಳಗಿಟ್ಟು ಸುಮ್ಮನೆ ನೋಡುತ್ತಿದ್ದ ಇಬ್ಬರ ಪಾಲಿಗೆ. ಅವರ ಸ್ಥಾನದ ಬೆಲೆ ತಲಾ 25ರಿಂದ 30 ರೂಪಾಯಿ 83 ಪೈಸೆಗೆ ಏರಿದೆ. ಆದ್ದರಿಂದ ಸರಿಗಟ್ಟಲು ನಿಮಗೆ ಶೇ 50ರ ಅವಕಾಶ ಸಾಲದು, ಶೇ 65 ಬೇಕು. ಸಾಮಾನ್ಯ ಹೊತ್ತಿನಲ್ಲಿ ಕಣ್ಣುಮುಚ್ಚಿ ಆಡಬಹುದಾದ ಎಲೆಗಳನ್ನು ಇಲ್ಲಿ ಕೆಳಗಿಡುವುದೇ ಸರಿ. ಇಡೀ ಟೂರ್ನಿಯ ಗಣಿತದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಭಾಗ ಇದು, ಹವ್ಯಾಸಿಗಳು ಅತಿ ಹೆಚ್ಚು ಕಳೆದುಕೊಳ್ಳುವ ಜಾಗವೂ ಇದೇ ಇರಬೇಕು.

ಮುಖಾಮುಖಿ ಆಟದಲ್ಲಿ ಎಲೆಯ ಜೊತೆಗೆ ದೇಹವೂ ಮೇಜಿನ ಮೇಲಿರುತ್ತದೆ. ಭಾವ ತೋರದ ಮುಖಕ್ಕಾಗಿ ಆಟಗಾರರು ತಂಪು ಕನ್ನಡಕ ಹಾಕುತ್ತಾರೆ. ಮನಿಮೇಕರ್ ಕೂಡ ಹಾಕಿದ್ದರು. ಮನೋವಿಜ್ಞಾನಿ ಮೈಕೆಲ್ ಸ್ಲೆಪಿಯನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವರ್ಲ್ಡ್ ಸೀರೀಸ್ ಆಟಗಾರರು ಪಣ ಕಟ್ಟುವ ವಿಡಿಯೊ ತುಣುಕುಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ, ಎಲೆ ಒಳ್ಳೆಯದೋ ಕೆಟ್ಟದ್ದೋ ಊಹಿಸಲು ಹೇಳಿದರು. ಮುಖ ಮಾತ್ರ ನೋಡಿದವರ ಊಹೆ ಕುರುಡು ಊಹೆಗಿಂತಲೂ ಕೆಳಗಿತ್ತು. ತೋಳು ಮತ್ತು ಕೈಯ ಚಲನೆ ಮಾತ್ರ ನೋಡಿದವರದು ಕುರುಡು ಊಹೆಗಿಂತ ಮೇಲಿತ್ತು. ಒಳ್ಳೆಯ ಎಲೆ ಇದ್ದವರ ಕೈ ಚಿಪ್‌ಗಳನ್ನು ಹೆಚ್ಚು ಸರಾಗವಾಗಿ ತಳ್ಳುತ್ತಿತ್ತು. ಮುಖವನ್ನು ನಾವು ಕಾಯುತ್ತೇವೆ, ಕೈಯನ್ನು ಕಾಯಲು ನೆನಪಾಗುವುದಿಲ್ಲ.

ಬ್ಲಫ್, ಅಂದರೆ ಕೆಟ್ಟ ಎಲೆ ಹಿಡಿದೂ ಪಣ ಏರಿಸುವುದು, ಮನೋಬಲದ ವಿಷಯ ಎಂದು ಜನ ತಿಳಿಯುತ್ತಾರೆ. ಗಣಿತಜ್ಞ ಜಾನ್ ವಾನ್ ನಾಯ್ಮನ್ ಅದು ಗಣಿತದ ಅಗತ್ಯ ಎಂದು ತೋರಿಸಿದರು. ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ 1944ರಲ್ಲಿ ಪ್ರಕಟಿಸಿದ ಆಟ ಸಿದ್ಧಾಂತದ ಗ್ರಂಥದಲ್ಲಿ ಪೋಕರ್‌ಗಾಗಿಯೇ ವಿಸ್ತಾರವಾದ ವಿಶ್ಲೇಷಣೆಯಿದೆ. ಒಳ್ಳೆಯ ಎಲೆ ಬಂದಾಗ ಮಾತ್ರ ಪಣ ಏರಿಸುವವರ ಎದುರು ಯಾರೂ ಸರಿಗಟ್ಟುವುದಿಲ್ಲ. ಆಗ ಒಳ್ಳೆಯ ಎಲೆಗೂ ಬೆಲೆ ಬರುವುದಿಲ್ಲ. ಪಾಟ್‌ನಲ್ಲಿ, ಅಂದರೆ ನಡುಮೇಜಿನ ಪಣದ ರಾಶಿಯಲ್ಲಿ, ಇರುವಷ್ಟೇ ಮೊತ್ತವನ್ನು ಕೊನೆಯ ಸುತ್ತಿನಲ್ಲಿ ಒಡ್ಡುವುದಾದರೆ, ಅಂಥ ಪಣಗಳಲ್ಲಿ ಮೂರರಲ್ಲಿ ಒಂದು ಬ್ಲಫ್ ಆಗಿದ್ದಾಗ ಎದುರಾಳಿಗೆ ಸರಿಗಟ್ಟುವುದೂ ಬಿಡುವುದೂ ಒಂದೇ ಆಗುತ್ತದೆ. ವಾನ್ ನಾಯ್ಮನ್‌ರ ಸರಳ ಮಾದರಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ: ಪಣ ಏರಿಸಬೇಕಾದ್ದು ಅತ್ಯುತ್ತಮ ಎಲೆಗಳಲ್ಲಿ ಮತ್ತು ಅತ್ಯಂತ ಕೆಟ್ಟ ಎಲೆಗಳಲ್ಲಿ. ನಡುವಿನ ಎಲೆಗಳಲ್ಲಿ ಸುಮ್ಮನಿರಬೇಕು.

2003ರಲ್ಲಿ ಕೊನೆಗೆ ಇಬ್ಬರೇ ಉಳಿದಾಗ ನಡೆದದ್ದು ಇದೇ ಮಾದರಿಯ ಒಂದು ಕೈ. ಎದುರಿಗಿದ್ದವರು ಅನುಭವಿ ವೃತ್ತಿಪರ ಸ್ಯಾಮ್ ಫಾರ್ಹಾ. ಮನಿಮೇಕರ್ ಬಳಿ ರಾಜ ಮತ್ತು ಏಳು. ಫ್ಲಶ್‌ಗೆ (ಒಂದೇ ಗುರುತಿನ ಐದು ಎಲೆ) ಒಂದು ಎಲೆ ಕಡಿಮೆ, ಸ್ಟ್ರೈಟ್‌ಗೂ (ಅನುಕ್ರಮವಾದ ಐದು ಎಲೆ) ಒಂದು ಎಲೆ ಕಡಿಮೆ. ಐದನೆಯ ಎಲೆ ಎರಡನ್ನೂ ಕೊಡಲಿಲ್ಲ, ಒಂದು ಜೋಡಿಯೂ ಆಗಲಿಲ್ಲ. ಅವರು ಎಲ್ಲ ಚಿಪ್ ಒಡ್ಡಿದರು. ಫಾರ್ಹಾ ಬಳಿ ಒಂಬತ್ತರ ಜೋಡಿ ಇತ್ತು, ಗೆಲ್ಲುವ ಎಲೆ. ಫ್ಲಶ್ ಬರಲಿಲ್ಲವೇನೋ ಎಂದು ಅವರು ಬಾಯಿಬಿಟ್ಟೇ ಕೇಳಿದರು. ಕೊನೆಗೆ ಎಲೆ ಕೆಳಗಿಟ್ಟರು. ನಡುವಿನ ಎಲೆ ಹಿಡಿದವರಿಗೆ ಅತ್ಯಂತ ಕೆಟ್ಟ ಎಲೆ ಹಿಡಿದವರ ಪಣ ಎಷ್ಟು ಕಷ್ಟ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಆ ಕೈ ನಡೆಯಬೇಕಾದರೆ ಮನಿಮೇಕರ್ ಅಲ್ಲಿಯವರೆಗೆ ಉಳಿದಿರಬೇಕಿತ್ತು. ಹತ್ತು ಮಂದಿ ಇದ್ದಾಗ ವೃತ್ತಿಪರ ಆಟಗಾರ ಫಿಲ್ ಐವಿ ಬಳಿ ಒಂಬತ್ತರ ಜೋಡಿ, ಮನಿಮೇಕರ್ ಬಳಿ ಎಕ್ಕ ಮತ್ತು ರಾಣಿ. ಮೇಜಿನ ಮೇಲೆ ಎರಡು ರಾಣಿ, ಒಂದು ಆರು. ಮನಿಮೇಕರ್‌ಗೆ ಮೂರು ರಾಣಿ. ನಾಲ್ಕನೆಯ ಎಲೆ ಒಂಬತ್ತು, ಐವಿಗೆ ಅದನ್ನು ಮೀರಿಸುವ ಫುಲ್ ಹೌಸ್: ಮೂರು ಒಂಬತ್ತು, ಎರಡು ರಾಣಿ. ಐವಿ ಎಲ್ಲ ಒಡ್ಡಿದರು. ಈ ಇಬ್ಬರ ಎಲೆ ಮತ್ತು ಮೇಜಿನ ಎಲೆ ಕಳೆದರೆ ಉಳಿಯುವುದು 44 ಎಲೆ. ಅದರಲ್ಲಿ ಮನಿಮೇಕರ್‌ರನ್ನು ಉಳಿಸುವಂಥವು ಏಳು: ಮೂರು ಎಕ್ಕ, ಮೂರು ಆರು, ಒಂದು ರಾಣಿ. ಶೇ 16ರಷ್ಟು ಅವಕಾಶ. ಬಂದದ್ದು ಎಕ್ಕ. ಐವಿ ಹತ್ತನೆಯವರಾಗಿ ಎದ್ದು ಹೋದರು. ಮನಿಮೇಕರ್ ಗೆದ್ದ ಮರುವರ್ಷ ಮುಖ್ಯ ಟೂರ್ನಿಗೆ 2,576 ಜನ ಬಂದರು, 2006ರಲ್ಲಿ 8,773.

ಹಾಗಾದರೆ ಕೌಶಲವನ್ನು ಅಳೆಯಲು ಎಷ್ಟು ಕೈ ಬೇಕು? ಬ್ಲೈಂಡ್ ಏರದ ನಗದು ಆಟದಲ್ಲಿ 100 ಕೈಗೆ ಸರಾಸರಿ 5 ಬ್ಲೈಂಡ್ ಗೆಲ್ಲುವ ಒಳ್ಳೆಯ ಆಟಗಾರರೆಂದು ಇಟ್ಟುಕೊಳ್ಳಿ. 100 ಕೈಗಳ ಮಾನಕ ವಿಚಲನೆ, ಅಂದರೆ ಸಹಜ ಏರಿಳಿತ, 90 ಬ್ಲೈಂಡ್ ಎನ್ನೋಣ. ಆ ಗೆಲುವು ಬರಿಯ ಅದೃಷ್ಟವಲ್ಲ ಎಂದು ಸಾಮಾನ್ಯ ವೈಜ್ಞಾನಿಕ ಮಾನದಂಡದಲ್ಲಿ ಹೇಳಲು ಸುಮಾರು 1,30,000 ಕೈ ಬೇಕು. ದಿನಕ್ಕೆ 250ರಂತೆ ಐನೂರಕ್ಕೂ ಹೆಚ್ಚು ದಿನ. ಸಂಶೋಧಕರಿಗೂ ಇದೇ ತೊಡಕು. 2015ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕ್ಲಾಡಿಕೊ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರರೊಂದಿಗೆ 80,000 ಕೈ ಆಡಿ ಹಿಂದೆ ಬಿತ್ತು. ಆದರೂ ಅಂತರ ಸಂಖ್ಯಾಶಾಸ್ತ್ರದ ಪ್ರಕಾರ ನಿರ್ಣಾಯಕವಲ್ಲ ಎಂದು ಸಂಶೋಧಕರು ಹೇಳಿದರು. 2017ರಲ್ಲಿ ಅದೇ ತಂಡದ ಲಿಬ್ರಾಟಸ್ 1,20,000 ಕೈ ಆಡಿ ಗೆದ್ದಾಗಲೇ ವಿವಾದ ತಣ್ಣಗಾದದ್ದು. ಎಂಬತ್ತು ಸಾವಿರ ಕೈಗಳ ಬಗ್ಗೆಯೇ ಇಷ್ಟು ಎಚ್ಚರಿಕೆ ಬೇಕಾದಾಗ, 250 ಕೈಗಳ ಒಂದು ದಿನ ಆಟಗಾರನ ಬಗ್ಗೆ ಹೇಳುವುದು ಬಹಳ ಕಡಿಮೆ.

ಕರ್ನಾಟಕದಲ್ಲಿ ಕೌಶಲವೋ ಅದೃಷ್ಟವೋ ಎಂಬ ಈ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಪರವಾನಗಿ ಬೇಕಿಲ್ಲ ಎಂದು 2013ರಲ್ಲಿ ಹೈಕೋರ್ಟ್ ಹೇಳಿತು. ಪಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ 2021ರ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರಲ್ಲಿ ಅದೇ ಹೈಕೋರ್ಟ್ ರದ್ದುಪಡಿಸಿತು. 2025ರಲ್ಲಿ ಸಂಸತ್ತು ಮಾಡಿದ ಕಾಯ್ದೆ ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಕೌಶಲ ಇದೆ ಎಂಬ ಮಾತು ನಿಜ. ಆದರೆ ಅದು ಒಬ್ಬ ವ್ಯಕ್ತಿಯ ಒಂದು ಸಂಜೆಯಲ್ಲಿ ಕಾಣಿಸುವಂಥದ್ದಲ್ಲ, ಗೆದ್ದ ಸಂಜೆಯಲ್ಲಂತೂ ಅಲ್ಲವೇ ಅಲ್ಲ. ಆ ಒಂದು ಸಂಜೆಯನ್ನು ನಂಬಿ ಮತ್ತೆ ಮತ್ತೆ ಹಣ ಹಾಕಿದವರ ಮನೆಗಳ ಬಗ್ಗೆ ಯೋಚಿಸಿದಾಗ ಈ ಲೆಕ್ಕವನ್ನು ಶಾಲೆಯಲ್ಲೇ ಕಲಿಸಬೇಕು ಎನ್ನಿಸುತ್ತದೆ.

ಒಬ್ಬರ ದಿನದಲ್ಲಿ ಕಾಣದ್ದು ಸಾವಿರಾರು ಜನರ ದಿನಗಳನ್ನು ಕೂಡಿಸಿದಾಗ ಕಾಣುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ ಸ್ಟೀವನ್ ಲೆವಿಟ್ ಮತ್ತು ಥಾಮಸ್ ಮೈಲ್ಸ್ 2010ರ ವರ್ಲ್ಡ್ ಸೀರೀಸ್‌ನ ಫಲಿತಾಂಶಗಳನ್ನು ಹೀಗೆಯೇ ಕೂಡಿಸಿ ನೋಡಿದರು. ಹಿಂದಿನ ದಾಖಲೆಗಳಿಂದ ಮೊದಲೇ ಕುಶಲರೆಂದು ಗುರುತಾಗಿದ್ದ 720 ಆಟಗಾರರು ಹೂಡಿದ ಹಣದ ಮೇಲೆ ಸರಾಸರಿ ಶೇ 30ಕ್ಕೂ ಹೆಚ್ಚು ಲಾಭ ಪಡೆದಿದ್ದರು. ಉಳಿದವರೆಲ್ಲರ ಸರಾಸರಿ, ಶೇ 15ಕ್ಕೂ ಹೆಚ್ಚು ನಷ್ಟ. ಇದರಲ್ಲಿ ಒಂದು ಪಾಲು ಆಯೋಜಕರಿಗೆ ಹೋದದ್ದು, ಇನ್ನೊಂದು ಪಾಲು ಆ ಕುಶಲರಿಗೆ. ನೂರು ಡಾಲರ್ ಕೊಟ್ಟು ಕುಳಿತ ಹವ್ಯಾಸಿಗೆ ಸರಾಸರಿ ಸುಮಾರು 85 ಡಾಲರ್ ಮರಳಿತು ಎಂದರೂ ಎಲ್ಲರಿಗೂ 85 ಸಿಕ್ಕಿತೆಂದಲ್ಲ. ಆ ವರ್ಷದ ಮುಖ್ಯ ಟೂರ್ನಿಯಲ್ಲಿ 7,319 ಜನ ಆಡಿದರು, ಬಹುಮಾನ ಸಿಕ್ಕಿದ್ದು 747 ಜನರಿಗೆ. ಉಳಿದ 6,572 ಮಂದಿಗೆ ಸಿಕ್ಕಿದ್ದು ಸೊನ್ನೆ. ಕೊನೆಯ ಕೈಯಲ್ಲಿ ಸರಿಯಾದ ನಿರ್ಧಾರ ಮಾಡಿದವರಿಗೂ ಮಾಡದವರಿಗೂ ಅಷ್ಟೇ.