ಸಿನಿಮಾ ಒಗ್ಗಲಿಲ್ಲ, ರಂಗ ಬಿಡಲಿಲ್ಲ
ಮಿರಜಿನಲ್ಲಿ ಬಣ್ಣ ಹಚ್ಚಿದ ಬಾಲಗಂಧರ್ವ. ಕಷ್ಟಕ್ಕೆ ಜೊತೆಯಾದ ಬೀಳಗಿಯ ಗೋಹರಬಾಯಿ

ಮಿರಜ: ಅಥಣಿ, ರಾಯಬಾಗ, ಕುಡಚಿ, ಜತ್ತ ಕಡೆಯ ಮಂದಿಗೆ ಮಿರಜ ಅಂದರೆ ಮೊದಲು ನೆನಪಾಗುವುದು ದವಾಖಾನೆ. ನೂರು ವರ್ಷಕ್ಕೂ ಹಿಂದೆ ಹುಡುಗನೊಬ್ಬ ಇದೇ ರೀತಿ ಕಿವಿಯ ತೊಂದರೆಗೆಂದು ಇಲ್ಲಿನ ದವಾಖಾನೆಗೆ ಬಂದಿದ್ದ. ಅವನ ಹಾಡು ಮೆಚ್ಚಿದ ಕೊಲ್ಹಾಪುರದ ಶಾಹೂ ಮಹಾರಾಜರೇ ಚಿಕಿತ್ಸೆಗೆ ಕಳಿಸಿದ್ದರು ಎಂದು ಚರಿತ್ರೆ ಬರೆದವರು ಹೇಳುತ್ತಾರೆ. ಅವನ ಹೆಸರು ನಾರಾಯಣ ಶ್ರೀಪಾದ ರಾಜಹಂಸ. ಮನೆತನದ ಊರು ಸಾಂಗಲಿ ಜಿಲ್ಲೆಯ ನಾಗಠಾಣೆ. ಮುಂದೆ ಇಡೀ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕ ಅವನನ್ನು ಕರೆದದ್ದು ಬಾಲಗಂಧರ್ವ ಅಂತ.

1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿ ಸೇರಿದ ನಾರಾಯಣರಾವ್ ಮೊದಲ ಸಲ ಶಕುಂತಲೆಯಾಗಿ ಪ್ರೇಕ್ಷಕರೆದುರು ನಿಂತದ್ದು ಮಿರಜಿನ ಹಂಸಪ್ರಭಾ ಥಿಯೇಟರಿನಲ್ಲಿ. ಆ ಜಾಗದಲ್ಲಿ ನಂತರ ಎದ್ದ ನಾಟ್ಯಗೃಹಕ್ಕೆ ಅವರದೇ ಹೆಸರು.

ಕನ್ನಡದ ಬೇರು

ಈ ಕಥೆಯಲ್ಲಿ ಕನ್ನಡದವರ ಪಾಲು ಮೊದಲಿನಿಂದಲೂ ಇದೆ. ಸಾಂಗಲಿಗೆ ಬಂದ ಉತ್ತರ ಕನ್ನಡದ ಭಾಗವತರ ಆಟ ನೋಡಿದ ಮೇಲೆಯೇ ವಿಷ್ಣುದಾಸ ಭಾವೆ 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ರಂಗಭೂಮಿ ಅಲ್ಲಿಂದ ಶುರುವಾಯಿತು ಎನ್ನುತ್ತಾರೆ. ಬಾಲಗಂಧರ್ವರು ಸೇರಿದ ಮಂಡಳಿಯನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ.

1911ರಲ್ಲಿ 'ಮಾನಾಪಮಾನ'ದ ಮೊದಲ ಪ್ರಯೋಗದ ದಿನವೇ ಬಾಲಗಂಧರ್ವರ ಎಳೆಯ ಮಗಳು ತೀರಿಕೊಂಡಳು. ಅವರು ಆಟ ನಿಲ್ಲಿಸಲಿಲ್ಲ, ಭಾಮಿನಿಯ ಪಾತ್ರ ಮಾಡಿಯೇ ಮುಗಿಸಿದರು. 1913ರಲ್ಲಿ ಗೋವಿಂದರಾವ್ ಟೇಂಬೆ, ಗಣಪತರಾವ್ ಬೋಡಸ್ ಜೊತೆ ಗಂಧರ್ವ ನಾಟಕ ಮಂಡಳಿ ಕಟ್ಟಿದರು. 'ಸ್ವಯಂವರ'ದ ರುಕ್ಮಿಣಿ, 'ಏಕಚ್ ಪ್ಯಾಲಾ'ದ ಸಿಂಧು ಮನೆಮಾತಾದರು. ಅವರು ಉಟ್ಟ ಸೀರೆ, ಮುಡಿದ ಹೂವಿನ ಮಾದರಿಯನ್ನು ಮನೆಯ ಹೆಣ್ಣುಮಕ್ಕಳು ಅನುಸರಿಸುತ್ತಿದ್ದರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಕನ್ನಡ ಕಂಪನಿಗಳ ನಟರೂ ಅವರ ಗಾಯನದ ಧಾಟಿಗೆ ಮಾರುಹೋದರು.

ಆದರೆ ಲೆಕ್ಕಪತ್ರದ ಕಡೆ ಅವರ ಲಕ್ಷ್ಯ ಕಡಿಮೆ. ರಂಗದ ಮೇಲೆ ಬೆಲೆಬಾಳುವ ಸೀರೆ, ಖರೇ ಅತ್ತರು, ಗಾಲೀಚೆ ಎಲ್ಲ ಇರಲೇಬೇಕು. ಗಲ್ಲೆಗೆ ಬಂದದ್ದು ರಂಗಕ್ಕೇ ಹೋಗುತ್ತಿತ್ತು. ಮಂಡಳಿ ಸಾಲಕ್ಕೆ ಬಿತ್ತು. ಪಾಲುದಾರರು ದೂರವಾದ ಮೇಲೆ ಸಾಲದ ಹೊರೆ ಒಬ್ಬರೇ ಹೊತ್ತು ವರ್ಷಾನುಗಟ್ಟಲೆ ತೀರಿಸಿದರು.

ಕ್ಯಾಮೆರಾ ಎದುರು

ಅಷ್ಟರಲ್ಲಿ ಮಾತಾಡುವ ಸಿನಿಮಾ ಬಂತು. ನಾಟಕದ ಥಿಯೇಟರುಗಳು ಟಾಕೀಜುಗಳಾದವು. ಬಾಲಗಂಧರ್ವರೂ ಪ್ರಭಾತ ಫಿಲ್ಮ್ ಕಂಪನಿಯ ಬಾಗಿಲಿಗೆ ಹೋದರು. ವಿ. ಶಾಂತಾರಾಮ ನಿರ್ದೇಶಿಸಿದ 'ಧರ್ಮಾತ್ಮಾ' 1935ರಲ್ಲಿ ತೆರೆಕಂಡಿತು. ಮೊದಲಿಟ್ಟ ಹೆಸರು 'ಮಹಾತ್ಮಾ'. ಸೆನ್ಸಾರ್ ಒಪ್ಪದ್ದರಿಂದ ಬದಲಾಯಿತು. ಅಸ್ಪೃಶ್ಯತೆ ಪ್ರಶ್ನಿಸಿದ ಸಂತ ಏಕನಾಥರ ಪಾತ್ರ ಅವರದು. ಸೀರೆಯಲ್ಲಿ ನೋಡಿದ ಜನಕ್ಕೆ ಪರದೆಯ ಮೇಲೆ ಗಂಡುವೇಷದ ಗಂಧರ್ವರು ಕಂಡರು.

ರಂಗದ ಮೇಲೆ ಒಂದೊಂದು ಪದಕ್ಕೆ ಎಷ್ಟೋ 'ವನ್ಸ್ ಮೋರ್' ಬೀಳುತ್ತಿತ್ತು. ಪ್ರತಿ ಸಲವೂ ಹೊಸ ಆಲಾಪ. ಸ್ಟುಡಿಯೋದಲ್ಲಿ ಹಾಡಿಗೆ ನಿಮಿಷದ ಲೆಕ್ಕ. ಎದುರಿಗೆ ಪ್ರೇಕ್ಷಕರೇ ಇಲ್ಲ. ಅದು ಅವರಿಗೆ ಒಗ್ಗಲಿಲ್ಲ. ಪ್ರಭಾತ ಬಿಟ್ಟು ಬಂದರು. 1937ರಲ್ಲಿ ಬಾಬುರಾವ್ ಪೇಂಟರ್ ಅವರ 'ಸಾಧ್ವಿ ಮೀರಾಬಾಯಿ'ಯಲ್ಲಿ ಮೀರಾ ಆದರು. ಅದು ನಾಟಕವನ್ನೇ ಚಿತ್ರಕ್ಕೆ ಇಳಿಸಿದಂತಿತ್ತು. ಜನ ಮೆಚ್ಚಲಿಲ್ಲ.

ಬೀಳಗಿಯಿಂದ ಬಂದಾಕೆ

ಬಾಲಗಂಧರ್ವರು ಸಿನಿಮಾ ಬಿಟ್ಟು ರಂಗಕ್ಕೆ ಮರಳಿದ ಹೊತ್ತಿಗೆ ಕನ್ನಡದ ಕಲಾವಿದೆಯೊಬ್ಬರು ಅದೇ ದಾರಿಯಲ್ಲಿ ಬಂದರು. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯ ಗೋಹರಬಾಯಿ ಕರ್ನಾಟಕಿ. ಕಲಕತ್ತೆಯ ಹೆಸರಾಂತ ಗೋಹರ್ ಜಾನ್ ಬೇರೆ, ಇವರು ಬೇರೆ. 'ಕಿಸ್ಮತ್' (1943) ಚಿತ್ರದ ಹಾಡುಗಳಿಂದ ದೇಶಕ್ಕೆ ಪರಿಚಿತರಾದ ಅಮೀರಬಾಯಿ ಕರ್ನಾಟಕಿ ಇವರ ಸಹೋದರಿ. ಅಕ್ಕತಂಗಿಯರಿಬ್ಬರೂ ನಾಟಕದಿಂದ ಮುಂಬಯಿಯ ಗ್ರಾಮೊಫೋನ್, ಸಿನಿಮಾಕ್ಕೆ ಹೋದವರು. ಅಮೀರಬಾಯಿ ಸಿನಿಮಾದಲ್ಲಿ ಬೆಳೆದರು. ಬಾಲಗಂಧರ್ವರ ಪದಗಳನ್ನು ಅವರದೇ ಧಾಟಿಯಲ್ಲಿ ಹಾಡುತ್ತಿದ್ದ ಗೋಹರಬಾಯಿ 1938ರಲ್ಲಿ ಗಂಧರ್ವ ಮಂಡಳಿ ಸೇರಿದರು.

ಹೆಣ್ಣು ಪಾತ್ರಕ್ಕೆ ಹೆಣ್ಣೇ ನಿಲ್ಲುವುದು ಅಷ್ಟೊತ್ತಿಗೆ ಹೊಸದೇನಲ್ಲ. ಮಿರಜಿನಲ್ಲೇ ಹುಟ್ಟಿದ ಹೀರಾಬಾಯಿ ಬಡೋದೇಕರ ಮರಾಠಿ ರಂಗದಲ್ಲಿ ಆ ದಾರಿ ತೆರೆದಾಗಿತ್ತು. ಆದರೂ ಬಾಲಗಂಧರ್ವರು ಮಾಡುತ್ತಿದ್ದ ಪಾತ್ರದಲ್ಲಿ ಇನ್ನೊಬ್ಬರನ್ನು ನೋಡಲು ಅಭಿಮಾನಿಗಳು ಸಿದ್ಧರಿರಲಿಲ್ಲ. ಹಳಬರು ಮಂಡಳಿ ಬಿಟ್ಟರು. ಅನ್ಯಧರ್ಮದಾಕೆ ಎಂಬ ಮಾತೂ ಬಂತು. 1951ರಲ್ಲಿ ಇಬ್ಬರೂ ಮದುವೆಯಾದಾಗ ಟೀಕೆ ಇನ್ನೂ ಜೋರಾಯಿತು. ಬಾಲಗಂಧರ್ವರ ಕಾಲು ಸೋತು ಹಾಸಿಗೆ ಹಿಡಿದ ವರ್ಷಗಳಲ್ಲಿ ಜೊತೆಗಿದ್ದವರು ಗೋಹರಬಾಯಿಯೇ.

ಮಾನ ಸನ್ಮಾನ ತಡವಾಗಿ ಬಂದವು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1960ರಲ್ಲಿ ಸಾಂಗಲಿಯ ವಿಷ್ಣುದಾಸ ಭಾವೆ ಪದಕ, 1964ರಲ್ಲಿ ಪದ್ಮಭೂಷಣ. ಪದ್ಮಭೂಷಣದ ವರ್ಷವೇ ಗೋಹರಬಾಯಿ ತೀರಿಕೊಂಡರು. 1967ರ ಜುಲೈ 15ರಂದು ಬಾಲಗಂಧರ್ವರೂ ಹೋದರು.

ಅವರನ್ನು ತೃಪ್ತಿಪಡಿಸದ ಸಿನಿಮಾವೇ 2011ರಲ್ಲಿ ಅವರ ಕಥೆಯನ್ನು ಹೊಸ ಪೀಳಿಗೆಗೆ ಮುಟ್ಟಿಸಿತು. ರವಿ ಜಾಧವ ನಿರ್ದೇಶನದ 'ಬಾಲಗಂಧರ್ವ'ದಲ್ಲಿ ಸುಬೋಧ ಭಾವೆ ಆ ಪಾತ್ರ ಮಾಡಿದರು. ಇತ್ತ ಕನ್ನಡದಲ್ಲಿ ರಹಮತ್ ತರೀಕೆರೆ ಅವರು ಅಮೀರಬಾಯಿ ಕುರಿತು ಪುಸ್ತಕ ಬರೆದು ಬೀಳಗಿಯ ಆ ಮನೆತನವನ್ನು ನೆನಪಿಸಿದ್ದಾರೆ.

ಮಂಡಳಿ ಒಡೆದದ್ದು ಯಾರಿಂದ ಅಂತ ಕೇಳಿದರೆ ಹಳೆಯ ನಾಟಕಪ್ರಿಯರು ಇಂದಿಗೂ ಗೋಹರಬಾಯಿ ಕಡೆ ಬೆರಳು ತೋರಿಸುವುದುಂಟು. ಆದರೆ ಸಾಲ ಅವರು ಬರುವ ಮೊದಲೇ ಇತ್ತು. ಟಾಕೀಜು ಬಂದದ್ದೂ ಅವರಿಗಿಂತ ಮೊದಲೇ. ದವಾಖಾನೆ ಕೆಲಸ ಮುಗಿಸಿ ಊರ ಗಾಡಿ ಹಿಡಿಯುವ ಗಡಿಭಾಗದ ಮಂದಿ ಬಾಲಗಂಧರ್ವ ನಾಟ್ಯಗೃಹದ ಹೆಸರು ಕಂಡಾಗ ಬೀಳಗಿಯ ಈ ಹೆಣ್ಣುಮಗಳನ್ನೂ ಒಮ್ಮೆ ನೆನೆಯಬೇಕು.