ಹಾನಗಲ್ಲಿನ ಕಲ್ಲಿನ ಕಮಲ

ಹಾನಗಲ್ಲಿನ ತಾರಕೇಶ್ವರ ದೇವಾಲಯದ ಮಂಟಪದಲ್ಲಿ ನಿಂತು ಕತ್ತೆತ್ತಿ ನೋಡಿದವರಿಗೆ ಮೊದಲು ಮೂಡುವ ಪ್ರಶ್ನೆ ಒಂದೇ. ನೆತ್ತಿಯ ಮೇಲೆ ಕೆಳಮುಖವಾಗಿ ಅರಳಿರುವ ಈ ಭಾರಿ ಕಮಲ ಬೀಳದೆ ನಿಂತಿರುವುದಾದರೂ ಹೇಗೆ? ಅದರ ಅಡಿಯಲ್ಲಿ ಆಧಾರದ ಕಂಬವಿಲ್ಲ. ಕಲ್ಲಿಗೆ ಕಲ್ಲನ್ನು ಬೆಸೆಯುವ ಗಾರೆಯೂ ಇಲ್ಲ.

ಇಂದಿನ ಹಾವೇರಿ ಜಿಲ್ಲೆಯ ಈ ತಾಲ್ಲೂಕು ಕೇಂದ್ರ ಶಾಸನಗಳಲ್ಲಿ ಪಾನುಂಗಲ್ಲು ಎಂದು ಕರೆಸಿಕೊಂಡಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ‘ಪಾನುಂಗಲ್ಲು ಐನೂರು’ ಎಂಬ ನಾಡಿನ ರಾಜಧಾನಿ. ಚಾಲುಕ್ಯರ ಸಾಮಂತರಾದ ಕದಂಬರ ಶಾಖೆಯೊಂದು ಇಲ್ಲಿಂದ ಆಳಿತು. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಇದೇ ಎಂಬುದು ಜನರ ನಂಬಿಕೆ. 12ನೇ ಶತಮಾನದ ಕೊನೆಯಲ್ಲಿ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಸೇನೆ ಈ ಊರನ್ನು ಮುತ್ತಿತ್ತು. ರಾಜ್ಯಗಳು ಅಳಿದರೂ ದೇವಾಲಯ ಉಳಿದಿದೆ.

ಬಾದಾಮಿ ಚಾಲುಕ್ಯರ ಶಿಲ್ಪಿಗಳು ಕೆಂಪು ಮರಳುಗಲ್ಲಿನಲ್ಲಿ ಕಟ್ಟಿದರೆ, ಕಲ್ಯಾಣ ಚಾಲುಕ್ಯರ ಕಾಲದವರು ಬಳಪದ ಕಲ್ಲನ್ನು ಆರಿಸಿಕೊಂಡರು. ಗಣಿಯಿಂದ ತೆಗೆದ ಹೊಸತರಲ್ಲಿ ಈ ಕಲ್ಲು ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಕಡೆದಂತೆ ನುಣುಪಾದ ಕಂಬಗಳೂ ಸೂಕ್ಷ್ಮ ಕೆತ್ತನೆಯೂ ಇದರಿಂದಲೇ ಸಾಧ್ಯವಾದವು.

ಇನ್ನು ಛಾವಣಿಯ ಗುಟ್ಟು. ಕಂಬಗಳ ಮೇಲಿನ ತೊಲೆಗಳು ಎಂಟು ಮೂಲೆಯ ಚೌಕಟ್ಟನ್ನು ರಚಿಸುತ್ತವೆ. ಅದರ ಮೇಲೆ ಕಲ್ಲಿನ ಸುತ್ತುಗಳನ್ನು ಒಂದರ ಮೇಲೊಂದು ಇಡಲಾಗಿದೆ. ಪ್ರತಿ ಸುತ್ತೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚಿರುವುದರಿಂದ ತೆರಪು ಕಿರಿದಾಗುತ್ತ ಹೋಗಿ, ಕೊನೆಗೆ ನಡುವಿನ ಕಮಲದಲ್ಲಿ ಮುಚ್ಚಿಕೊಳ್ಳುತ್ತದೆ. ಒಳಕ್ಕೆ ಚಾಚಿದ ಕಲ್ಲು ಮುಗ್ಗರಿಸದಂತೆ ಅದರ ಹಿಂಭಾಗವನ್ನು ಮೇಲಿನ ಕಲ್ಲುಗಳ ಭಾರ ಅದುಮಿ ಹಿಡಿಯುತ್ತದೆ. ಅಂದರೆ ಛಾವಣಿಯನ್ನು ಬೀಳಿಸಬಹುದಾದ ಭಾರವೇ ಅದನ್ನು ನಿಲ್ಲಿಸಿದೆ!

ವಿಜಯಪುರದ ಗೋಲಗುಮ್ಮಟವನ್ನು ನೋಡಿದವರಿಗೆ ವ್ಯತ್ಯಾಸ ಬೇಗ ತಿಳಿದೀತು. 17ನೇ ಶತಮಾನದ ಆ ಗುಮ್ಮಟದಲ್ಲಿ ಗಾರೆ ಇಡೀ ರಚನೆಯನ್ನು ಒಂದೇ ಚಿಪ್ಪಿನಂತೆ ಬೆಸೆದಿದೆ. ಹಾನಗಲ್ಲಿನಲ್ಲಿ ಪ್ರತಿ ಕಲ್ಲೂ ಬಿಡಿ. ಪಕ್ಕದ ಕಲ್ಲು ಕದಲದಿದ್ದರೆ ಮಾತ್ರ ತಾನೂ ಕದಲದು.

ಇಂಥ ಕಟ್ಟಡಕ್ಕೆ ದೊಡ್ಡ ಅಪಾಯ ದಾಳಿಯಿಂದಷ್ಟೇ ಬರಬೇಕಿಲ್ಲ. ಸಂದಿಯಲ್ಲಿ ಬೇರು ಬಿಟ್ಟ ಅರಳಿಯ ಸಸಿ, ಮಳೆಗಾಲದಲ್ಲಿ ತಳಪಾಯಕ್ಕೆ ಇಳಿಯುವ ನೀರು ಸಾಕು. ಒಂದು ಕಂಬ ಬೆರಳಷ್ಟು ಕುಸಿದರೂ ಮೇಲಿನ ಸುತ್ತುಗಳ ಸಮತೋಲ ತಪ್ಪುತ್ತದೆ. ದೇವಾಲಯ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಕಮಲವನ್ನು ನೋಡಿ ಬೆರಗಾದವರು ಸುತ್ತಲಿನ ಗೋಡೆಯ ಸಂದಿಗಳತ್ತಲೂ ಒಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದು. ಆ ಹೂವಿನ ಆಯುಷ್ಯ ಅಡಗಿರುವುದು ಅಲ್ಲಿಯೇ.